ಕಳುತರದ ಬಾಣಂತಿ ಮನೆ

ಶ್ರೀಲಂಕಾಕ್ಕೆ ಹೋಗಿಬಂದವರ ಬಾಯಲ್ಲಿ ನುವರ ಎಲಿಯದ ಸೀತೆಯ ಗುಡಿ, ಕ್ಯಾಂಡಿಯ ದಂತ ಮಂದಿರ, ಸಿಗಿರಿಯದ ಬಂಡೆ ಇವೇ ಇರುತ್ತವೆ. ರಾಯಚೂರು ಜಿಲ್ಲೆಯ ನಿವೃತ್ತ ನರ್ಸಮ್ಮ ಒಬ್ಬರು ಮಾತ್ರ ಮರಳಿ ಬಂದ ಮೇಲೆ ಓಣಿಯ ಹೆಂಗಸರಿಗೆ, ಹಳೆಯ ಸಹೋದ್ಯೋಗಿಗಳಿಗೆ, ಮನೆಗೆ ಬಂದ ಆಶಾ ಕಾರ್ಯಕರ್ತೆಯರಿಗೆ ಬೇರೆಯೇ ಸಂಗತಿಗಳನ್ನು ಹೇಳುತ್ತಿದ್ದಾರೆ. ಕಳುತರದಲ್ಲಿ ಕಂಡ ಒಂದು ಬಾಣಂತಿ ಮನೆ, ಅಲ್ಲಿಗೆ ಸ್ಕೂಟರಿನಲ್ಲಿ ಬಂದ ಮಿಡ್‌ವೈಫ್, ಕೊಲಂಬೊದಲ್ಲಿ ಹಿರಿಯ ವೈದ್ಯೆಯೊಬ್ಬರು ಬಿಡಿಸಿ ಹೇಳಿದ ಸಾವಿನ ವಿಚಾರಣೆ. ಊರು ಸೇರಿ ಬಹಳ ದಿನಗಳಾದರೂ ಆ ಪ್ರವಾಸ ಅವರನ್ನು ಬಿಟ್ಟಿಲ್ಲ.

ಬಿಡದಿರುವುದಕ್ಕೆ ಕಾರಣವಿದೆ. ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತರಾದವರು ಅವರು. ಬಸ್ಸಿಲ್ಲದ ಹಳ್ಳಿಗಳಿಗೆ ಲಸಿಕೆಯ ಡಬ್ಬಿ ಹೊತ್ತು ನಡೆದವರು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಪಕ್ಕದ ಜಿಲ್ಲೆಯ ಅವರ ಮನೆಯಲ್ಲಿ ಊಟ ಸೇರದಂತೆ ಮಾಡಿತ್ತು. ಅದಾದ ಮೇಲೆ ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು, “ಅವ್ವಾ, ನನ್ನ ಗೆಳತಿ ಊರು ಶ್ರೀಲಂಕಾದಾಗ ಐತಿ. ಅಕಿ ನಾದಿನಿ ಹಡದಾಳ. ಹೋಗಿ ಬರೋಣು” ಅಂದಾಗ, ದೇವಸ್ಥಾನಗಳ ಆಸೆಗಿಂತ ಹೆಚ್ಚಾಗಿ ಆ ಬಾಣಂತಿಯನ್ನು ನೋಡುವ ಆಸೆಗೇ ಅವರು ಹೂಂ ಅಂದಿದ್ದು.

ಕೊಲಂಬೊ ಕೋಟೆ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ರೈಲು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಮೌಂಟ್ ಲವಿನಿಯಾ, ಮೊರಟುವ, ಪಾನದುರ ದಾಟುವಾಗ ಬಲಗಡೆಯ ಕಿಟಕಿಯಿಂದ ಅಲೆಯ ಹನಿ ಮುಖಕ್ಕೆ ಸಿಡಿಯುತ್ತದೆ. ಎಡಗಡೆ ತೆಂಗು, ಹಲಸು, ಬಾಳೆ. ಬಿಸಿಲಿಗೆ ಬಿರಿದ ಎರೆ ನೆಲ ನೋಡಿ ಬೆಳೆದ ನರ್ಸಮ್ಮನಿಗೆ ಇಷ್ಟೊಂದು ಹಸಿರು ಮೊದಲು ನಂಬಿಕೆಯೇ ಆಗಲಿಲ್ಲ. ಮಂಗಳೂರು, ಉಡುಪಿ ಕಂಡವರಿಗೆ ಇದು ಅಷ್ಟು ಹೊಸದಲ್ಲ. ಹಂಚಿನ ಮನೆ, ಅಂಗಳದ ಬಾವಿ, ಮೀನಿನ ವಾಸನೆ ಎಲ್ಲವೂ ನಮ್ಮ ಕರಾವಳಿಯವೇ. ಕಳು ಗಂಗೆಯ ಮೇಲಿನ ಸೇತುವೆ ಬಂದಾಗ ಎದುರಿಗೆ ಬಿಳಿ ಸ್ತೂಪ ಕಾಣಿಸಿತು. ದಾರಿ ಬದಿಯಲ್ಲಿ ಈ ಊರಿಗೆ ಹೆಸರು ತಂದ ಮ್ಯಾಂಗೊಸ್ಟೀನ್ ಹಣ್ಣಿನ ರಾಶಿಗಳಿದ್ದವು.

ಕಳುತರಕ್ಕೆ ಇನ್ನೂ ಒಂದು ಹೆಸರಿದೆ, ಪ್ರವಾಸಿ ಪುಸ್ತಕಗಳು ಅದನ್ನು ಬರೆಯುವುದಿಲ್ಲ. 1926ರಲ್ಲಿ, ಬ್ರಿಟಿಷರ ಕಾಲದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ದ್ವೀಪದ ಮೊದಲ ಆರೋಗ್ಯ ಘಟಕ ಶುರುವಾದದ್ದು ಇಲ್ಲಿ. ರೋಗಿ ಬಂದಾಗ ಮದ್ದು ಕೊಡುವ ಆಸ್ಪತ್ರೆ ಅದಲ್ಲ. ಒಂದು ಪ್ರದೇಶವನ್ನು ಗೆರೆ ಎಳೆದು ಗುರುತಿಸಿ, ಅಲ್ಲಿರುವ ಪ್ರತಿ ಮನೆಯ ಆರೋಗ್ಯಕ್ಕೆ ಒಬ್ಬ ವೈದ್ಯಾಧಿಕಾರಿ ಮತ್ತು ಅವನ ಸಿಬ್ಬಂದಿ ಉತ್ತರ ಕೊಡಬೇಕು ಎಂಬ ಏರ್ಪಾಟು. ಕಾಯಿಲೆ ಬೀಳದವರೂ, ಬಸಿರಾಗುವ ಮುಂಚಿನ ಹೆಣ್ಣುಮಕ್ಕಳೂ ಅದರ ಲೆಕ್ಕದೊಳಗೆ ಬರುತ್ತಾರೆ. ಇಡೀ ದೇಶ ಇಂದು ನಡೆಯುತ್ತಿರುವುದು ಅದೇ ಮಾದರಿಯಲ್ಲಿ.

ಬಾಣಂತಿಯ ಮನೆಯಲ್ಲಿ ಮೊದಲು ಬಂದದ್ದು ಕಿರಿಬತ್. ತೆಂಗಿನ ಹಾಲಿನಲ್ಲಿ ಬೇಯಿಸಿ, ತಟ್ಟೆಗೆ ಒತ್ತಿ, ವಜ್ರದಾಕಾರಕ್ಕೆ ಕೊಯ್ದ ಅನ್ನ. ಪಕ್ಕದಲ್ಲಿ ಈರುಳ್ಳಿ, ಒಣಮೆಣಸಿನಕಾಯಿ ಕುಟ್ಟಿದ ಲುನು ಮಿರಿಸ್. ಸಂತಸದ ದಿನಗಳಲ್ಲಿ ಮಾಡುವ ಊಟವಂತೆ. ಬಾಣಂತಿಯ ಅತ್ತೆ ಒಂದು ಲೋಟ ಹಸಿರು ಗಂಜಿಯನ್ನೂ ತಂದಿಟ್ಟರು. ಕೊಳ ಕೆಂದ ಎಂಬ ಈ ಗಂಜಿಗೆ ಬಿದ್ದಿದ್ದ ಸೊಪ್ಪು ಮಲೆನಾಡಿನವರು ತಂಬುಳಿ ಮಾಡುವ ಒಂದೆಲಗ. ನರ್ಸಮ್ಮ ಕುಡಿದು, ಮಗಳ ಮೂಲಕ ತಮ್ಮ ಕಡೆಯ ಬಾಣಂತನ ಹೇಳಿದರು: ಅಂಟಿನ ಉಂಡಿ, ಅಳವಿ ಪಾಯಸ, ಜೋಳದ ರೊಟ್ಟಿ, ಬಾಣಂತಿ ಖಾರ, ಹೊರಸಿನ ಕೆಳಗಿನ ಕೆಂಡದ ಬಿಸಿ. ಅತ್ತೆಗೆ ಖಾರದ ಪುಡಿಯಲ್ಲಿ ಏನೇನು ಬೀಳುತ್ತದೆ ಎಂದು ತಿಳಿಯುವ ಕುತೂಹಲ. ಇಬ್ಬರೂ ಸನ್ನೆಯಲ್ಲೇ ಓಂಕಾಳು, ಮೆಣಸು, ಒಣಶುಂಠಿಯ ತನಕ ಬಂದಿದ್ದರು. ಅಷ್ಟರಲ್ಲಿ ಬಾಗಿಲ ಹೊರಗೆ ಸ್ಕೂಟರು ನಿಂತಿತು.

“ಮಿಡ್‌ವೈಫ್ ಮಿಸ್” ಎಂದು ಅತ್ತೆ ಎದ್ದು ನಿಂತರು.

ಬಂದಾಕೆಗೆ ನಲವತ್ತರ ಆಸುಪಾಸು. ಕೈ ತೊಳೆದು, ಮೊದಲು ಬಾಣಂತಿಯ ಹತ್ತಿರ ಕೂತಳು. ಹೊಟ್ಟೆ ಮುಟ್ಟಿ ಗರ್ಭಕೋಶ ಎಷ್ಟು ಇಳಿದಿದೆ ಎಂದು ನೋಡಿದಳು. ರಕ್ತಸ್ರಾವ, ಜ್ವರ, ಹೊಲಿಗೆ, ಎದೆಯ ಗಟ್ಟಿತನ ಒಂದೊಂದನ್ನೂ ಕೇಳಿದಳು. ನಿದ್ದೆ ಬರುತ್ತದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ ಎಂದೂ ಕೇಳಿದಳು. ಆಮೇಲೆ ಮಗುವನ್ನು ಬೆಳಕಿಗೆ ಹಿಡಿದು ಕಣ್ಣು, ಚರ್ಮ ಹಳದಿಯಾಗಿದೆಯೇ ಎಂದು ನೋಡಿ, ಹೊಕ್ಕುಳು ಪರೀಕ್ಷಿಸಿ, ತೂಗಿ, ಪುಸ್ತಕದಲ್ಲಿ ಬರೆದಳು. ಹೆಣ್ಣುಮಗುವಿಗೆ ಗುಲಾಬಿ ಬಣ್ಣದ ಪುಸ್ತಕ, ಗಂಡುಮಗುವಿಗೆ ನೀಲಿ. ಅಷ್ಟೂ ಹೊತ್ತು ಆಕೆಯ ಮೊಬೈಲ್ ಚೀಲದಿಂದ ಹೊರಗೆ ಬರಲಿಲ್ಲ.

ನರ್ಸಮ್ಮನ ಕಣ್ಣು ಆಕೆಯ ಕೈಗಳ ಮೇಲೇ ಇತ್ತು. ತಾವೂ ಮಾಡಿದ ಕೆಲಸ, ತಮಗೂ ಗೊತ್ತಿದ್ದ ಕ್ರಮ. “ಎಷ್ಟು ಮನಿ ನಿನಗ, ತಂಗೀ?” ಎಂದು ಕೇಳಿಸಿದರು.

ಶ್ರೀಲಂಕಾದಲ್ಲಿ ಒಬ್ಬ ಸಾರ್ವಜನಿಕ ಆರೋಗ್ಯ ಮಿಡ್‌ವೈಫ್‌ಳ ಪಾಲಿಗೆ ಸುಮಾರು ಮೂರು ಸಾವಿರ ಜನ ಬರುತ್ತಾರೆ, ಕೆಲವೆಡೆ ಅದಕ್ಕಿಂತ ಹೆಚ್ಚು. ಈ ಕೆಲಸಕ್ಕೆ ಬರುವ ಮೊದಲು ಆಕೆ ಹದಿನೆಂಟು ತಿಂಗಳು ತರಬೇತಿ ಪಡೆಯುತ್ತಾಳೆ, ಒಂದು ವರ್ಷ ಆಸ್ಪತ್ರೆಯಲ್ಲಿ, ಆರು ತಿಂಗಳು ಹಳ್ಳಿಯಲ್ಲಿ. ಮದುವೆಯಾದ ಹೆಣ್ಣುಮಗಳು ಊರಿಗೆ ಬಂದೊಡನೆ ಆಕೆಯ ಪಟ್ಟಿಗೆ ಸೇರುತ್ತಾಳೆ. ಬಸಿರಾದರೆ ಇನ್ನೊಂದು ಪಟ್ಟಿ, ಹಡೆದರೆ ಮತ್ತೊಂದು. ಬಾಣಂತಿ ಮನೆಗೆ ಬಂದ ಮೊದಲ ಹತ್ತು ದಿನಗಳಲ್ಲಿ ಎರಡು ಬಾರಿ ಹೋಗಲೇಬೇಕು. ಆಮೇಲೂ ಸುಮಾರು ಆರು ವಾರದವರೆಗೆ ಭೇಟಿಗಳಿವೆ.

ಹತ್ತಿರದಲ್ಲೇ ಇದ್ದ ತನ್ನ ಕೋಣೆಗೆ ಮಿಡ್‌ವೈಫ್ ಅತಿಥಿಗಳನ್ನು ಕರೆದೊಯ್ದಳು. ಗೋಡೆಯ ಮೇಲೆ ಕೈಯಿಂದ ಬಿಡಿಸಿದ ಆಕೆಯ ಪ್ರದೇಶದ ನಕ್ಷೆ. ರಿಜಿಸ್ಟರು ತೆರೆದಾಗ ಹೆಸರಿನ ಸಾಲಿನ ಮೇಲೆ ಒಂದು ಹಾಳೆ ಮುಚ್ಚಿಟ್ಟು, ಕಾಲಂಗಳನ್ನಷ್ಟೇ ತೋರಿಸಿದಳು. ನರ್ಸಮ್ಮ ಕೇಳಿದ ಎರಡನೆಯ ಪ್ರಶ್ನೆ ನಮ್ಮ ಕಡೆಯ ಪ್ರತಿ ಆರೋಗ್ಯ ಸಹಾಯಕಿಯ ತಲೆನೋವು: ತವರಿಗೆ ಹೋದವಳನ್ನು ಏನು ಮಾಡುತ್ತೀರಿ?

ಇಲ್ಲಿಯೂ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರಿದ್ದಾರೆ. ಬಾಣಂತಿ ಆಸ್ಪತ್ರೆ ಬಿಡುವಾಗ ಎಲ್ಲಿ ಉಳಿಯುತ್ತಾಳೆ ಎಂದು ಕೇಳಿ, ಆ ಪ್ರದೇಶದ ಕಚೇರಿಗೆ ತಿಳಿಸುತ್ತಾರೆ ಎಂದಳು ಮಿಡ್‌ವೈಫ್. ಅಲ್ಲಿನವಳು ಹೋಗಿ ನೋಡುತ್ತಾಳೆ. ನೋಡದಿದ್ದರೆ ತಿಂಗಳ ಸಭೆಯಲ್ಲಿ ಆ ಖಾಲಿ ಕಾಲಂ ಎದ್ದು ಕಾಣುತ್ತದೆ, ಮೇಲ್ವಿಚಾರಕಿ ಕೇಳುತ್ತಾಳೆ.

ನಮ್ಮಲ್ಲಾದರೆ ಯಾದಗಿರಿ, ರಾಯಚೂರು, ಕಲಬುರಗಿಯ ಗರ್ಭಿಣಿ ಗಂಡನ ಜತೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮುಂಬೈಗೋ ದುಡಿಯಲು ಹೋಗುತ್ತಾಳೆ, ಏಳು ತಿಂಗಳಾದಾಗ ತವರಿಗೆ ಬರುತ್ತಾಳೆ. ತಾಯಿ ಕಾರ್ಡ್ ಒಂದು ಊರಿನದು, ರಕ್ತ ಪರೀಕ್ಷೆ ಇನ್ನೊಂದು ಊರಿನದು, ಹೆರಿಗೆ ಮೂರನೆಯ ಊರಿನಲ್ಲಿ. ಗಂಡನ ಊರಿನ ಆರೋಗ್ಯ ಸಹಾಯಕಿ ತವರಿಗೆ ಹೋಗಿದ್ದಾಳೆ ಎಂದು ಬರೆಯುತ್ತಾಳೆ, ತವರಿನ ಸಹಾಯಕಿ ನಮ್ಮ ಪಟ್ಟಿಯಲ್ಲಿಲ್ಲ ಅನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಬಿಟ್ಟುಹೋದ ಆ ಹೆಣ್ಣುಮಗಳ ಬಿ.ಪಿ. ಏರಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮರುದಿನ ತಾಯಿ-ಮಕ್ಕಳ ಕ್ಲಿನಿಕ್. ಸಾಲಾಗಿ ಹಾಕಿದ ಬೆಂಚುಗಳು, ಮಕ್ಕಳ ಗಲಾಟೆ, ಒಂದು ಮೂಲೆಯಲ್ಲಿ ತ್ರಿಪೋಷದ ಪೊಟ್ಟಣಗಳು. ಮೆಕ್ಕೆಜೋಳ, ಸೋಯಾ ಸೇರಿಸಿ ಮಾಡಿದ ಈ ಹಿಟ್ಟನ್ನು ಗರ್ಭಿಣಿಯರಿಗೆ, ಬಾಣಂತಿಯರಿಗೆ, ತೂಕ ಕಡಿಮೆಯಿರುವ ಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುತ್ತದೆ. ನಮ್ಮ ಅಂಗನವಾಡಿಯ ಪುಷ್ಟಿಯ ಹಾಗೆ. ಹೊಸದಾಗಿ ಹೆಸರು ಬರೆಸಿದ ಗರ್ಭಿಣಿಯೊಬ್ಬಳ ಎದೆಗೆ ವೈದ್ಯ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಆಲಿಸಿದ. ಹಳ್ಳಿಯ ಕ್ಲಿನಿಕ್ಕಿನಲ್ಲಿ ಇಷ್ಟು ಹೊತ್ತು ಹೃದಯ ಪರೀಕ್ಷೆ ಯಾಕೆ ಎಂಬುದು ನರ್ಸಮ್ಮನಿಗೆ ಆಗ ಹೊಳೆಯಲಿಲ್ಲ. ಉತ್ತರ ಕೊಲಂಬೊದಲ್ಲಿ ಸಿಕ್ಕಿತು.

ಕೊಲಂಬೊದ ಡಿ ಸೋಯ್ಸಾ ಹೆರಿಗೆ ಆಸ್ಪತ್ರೆ 1879ರಲ್ಲಿ ಶುರುವಾದದ್ದು. ಅದರ ಮುಂದೆ ಹಾದು, ಗೆಳತಿಯ ಬಳಗದ ನಿವೃತ್ತ ಹೆರಿಗೆ ತಜ್ಞೆಯೊಬ್ಬರ ಮನೆಗೆ ಹೋದಾಗ ಸಂಜೆಯಾಗಿತ್ತು. ಚಹಾದ ಜತೆ ತಾಳೆಬೆಲ್ಲದ ತುಂಡು. ಎಪ್ಪತ್ತು ದಾಟಿದ ಆ ವೈದ್ಯೆ ಹೇಳಿದ ಇತಿಹಾಸವನ್ನು ಕೇಳುವಾಗ ತಾಯಿ-ಮಗಳಿಬ್ಬರೂ ಚಹಾ ಮರೆತರು.

1930ರ ದಶಕದಲ್ಲಿ ಈ ದ್ವೀಪದಲ್ಲಿ ಲಕ್ಷ ಹೆರಿಗೆಗೆ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. 1934–35ರ ಮಲೇರಿಯಾ ಮಾರಿಯಂತೆ ಬಂದು ಹಳ್ಳಿಗಳನ್ನು ಖಾಲಿ ಮಾಡಿತು, ಬಸುರಿಯರನ್ನು ಹೆಚ್ಚು ಬಲಿ ತೆಗೆದುಕೊಂಡಿತು. ಆಮೇಲೆ ಮಲೇರಿಯಾ ನಿಯಂತ್ರಣ, ತರಬೇತಿ ಪಡೆದ ಮಿಡ್‌ವೈಫ್‌ಗಳು, ಹಳ್ಳಿಗೆ ಹತ್ತಿರದ ಆಸ್ಪತ್ರೆ, ಉಚಿತ ಚಿಕಿತ್ಸೆ, ಹೆಣ್ಣುಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಬಂದವು. 1950ರ ಹೊತ್ತಿಗೆ ಸಾವು ಲಕ್ಷಕ್ಕೆ ಐನೂರು–ಆರುನೂರಕ್ಕೆ ಇಳಿಯಿತು. ಅಲ್ಲಿಂದ ಮುಂದೆಯೂ 6ರಿಂದ 12 ವರ್ಷಗಳಿಗೊಮ್ಮೆ ಅದು ಅರ್ಧವಾಗುತ್ತ ಬಂದುದನ್ನು ವಿಶ್ವ ಬ್ಯಾಂಕ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ದಾಖಲಿಸಿದೆ. ಈಗ ಲಕ್ಷಕ್ಕೆ ಮೂವತ್ತರ ಆಸುಪಾಸು. ಶ್ರೀಮಂತ ದೇಶವಾಗಿ ಆಮೇಲೆ ಮಾಡಿದ್ದಲ್ಲ ಇದು, ಬಡದೇಶವಾಗಿದ್ದಾಗಲೇ ಮಾಡಿದ್ದು.

ಮೈಸೂರು ಸಂಸ್ಥಾನದ ದಾರಿಯೂ ಮೊದಲಲ್ಲಿ ಇದರ ಪಕ್ಕದಲ್ಲೇ ಇತ್ತು. ಅದೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ, ಅಂದು ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿ ಆರೋಗ್ಯ ಘಟಕಗಳು ತೆರೆದಿದ್ದವು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ, ಸಿಂಹಳದ ತಾಯಂದಿರು ಅತಿ ಹೆಚ್ಚು ಸಾಯುತ್ತಿದ್ದ ಕಾಲದಲ್ಲಿ. ನಿಜಾಮನ ಆಳ್ವಿಕೆಯ ರಾಯಚೂರಿಗೆ ಇದ್ಯಾವುದೂ ತಲುಪಲಿಲ್ಲ. ಆ ಅಂತರ ಕಲ್ಯಾಣ ಕರ್ನಾಟಕದ ಹೆರಿಗೆ ಕೋಣೆಗಳಲ್ಲಿ ಇಂದಿಗೂ ಕಾಣಿಸುತ್ತದೆ.

“ಸಂಖ್ಯೆ ಇಳಿದ ಮೇಲೆ ಕಷ್ಟದ ಕೆಲಸ ಶುರುವಾಯಿತು” ಎಂದರು ವೈದ್ಯೆ. ಸಾವು ಸಾವಿರಾರು ಇದ್ದಾಗ ಕಾರಣಗಳು ಕಣ್ಣೆದುರೇ ಇರುತ್ತವೆ. ಕಡಿಮೆಯಾದಾಗ ಒಂದೊಂದನ್ನೂ ಹುಡುಕಬೇಕು. 1980ರ ದಶಕದಲ್ಲಿ ಶ್ರೀಲಂಕಾ ಪ್ರತಿ ತಾಯಿಯ ಸಾವನ್ನೂ ಕಡ್ಡಾಯವಾಗಿ ವರದಿ ಮಾಡಬೇಕಾದ ಘಟನೆ ಎಂದು ಗೊತ್ತುಮಾಡಿತು. ಸಾವಾದರೆ ಆ ಪ್ರದೇಶದ ಆರೋಗ್ಯ ವೈದ್ಯಾಧಿಕಾರಿ ಆ ಮನೆಗೆ ಹೋಗುತ್ತಾನೆ. ಗಂಡನನ್ನು, ಅತ್ತೆಯನ್ನು, ಮಿಡ್‌ವೈಫ್‌ಳನ್ನು ಕೇಳುತ್ತಾನೆ: ನೋವು ಯಾವಾಗ ಶುರುವಾಯಿತು, ಹೊರಡಲು ಎಷ್ಟು ಹೊತ್ತಾಯಿತು, ಗಾಡಿ ಸಿಕ್ಕಿತೇ, ಆಸ್ಪತ್ರೆಯಲ್ಲಿ ಮೊದಲು ನೋಡಿದ್ದು ಯಾರು, ರಕ್ತ ಇತ್ತೇ. ಆಸ್ಪತ್ರೆ ತನ್ನ ಕಡೆಯಿಂದ ಪರಿಶೀಲಿಸುತ್ತದೆ. ಆಮೇಲೆ ಜಿಲ್ಲೆಯ ಮಟ್ಟದಲ್ಲಿ, ಕುಟುಂಬ ಆರೋಗ್ಯ ಬ್ಯೂರೋ ನಡೆಸುವ ರಾಷ್ಟ್ರಮಟ್ಟದ ಸಭೆಯಲ್ಲಿ, ತಜ್ಞರು ಒಂದೊಂದೇ ಸಾವನ್ನು ಮೇಜಿನ ಮೇಲಿಟ್ಟು ಚರ್ಚಿಸುತ್ತಾರೆ. ಯಾರ ತಪ್ಪು ಎನ್ನುವುದಕ್ಕಿಂತ ಎಲ್ಲಿ ತಡವಾಯಿತು ಎಂಬುದು ಅಲ್ಲಿನ ಪ್ರಶ್ನೆ. ಶಿಕ್ಷೆಯ ಭಯವಿದ್ದರೆ ಕಾಗದಗಳು ತಿದ್ದಲ್ಪಡುತ್ತವೆ, ಮುಂದಿನ ತಾಯಿಗೆ ಅದರಿಂದ ಏನೂ ಸಿಗುವುದಿಲ್ಲ ಎಂಬುದು ಆ ವೈದ್ಯೆಯ ಅನುಭವ.

ರಕ್ತಸ್ರಾವದ ಸಾವುಗಳು ಕಡಿಮೆಯಾಗುತ್ತ ಬಂದಂತೆ ಹೃದ್ರೋಗ ಮುಂಚೂಣಿಯ ಕಾರಣಗಳಲ್ಲಿ ಒಂದಾಗಿ ಎದ್ದು ಕಂಡದ್ದು ಇಂಥ ಪರಿಶೀಲನೆಗಳಿಂದ. ಕಳುತರದ ಕ್ಲಿನಿಕ್ಕಿನಲ್ಲಿ ಆ ವೈದ್ಯ ಗರ್ಭಿಣಿಯ ಎದೆಯನ್ನು ಅಷ್ಟು ಹೊತ್ತು ಆಲಿಸಿದ್ದು ಅದಕ್ಕೇ. ಯಾವುದೋ ಊರಿನ ಸಾವು ಇನ್ನೊಂದು ಊರಿನ ವೈದ್ಯನಿಗೆ ಕೆಲಸ ಕಲಿಸಿತ್ತು.

ಆಗ ನರ್ಸಮ್ಮ ತಮ್ಮ ಸೇವಾಕಾಲದ ಒಂದು ಸಾವನ್ನು ಹೇಳಿದರು. ಇಪ್ಪತ್ತು ತುಂಬದ ಹುಡುಗಿ. ದುಡಿಯಲು ಹೋದ ಊರಿನಿಂದ ತುಂಬು ಬಸುರಿಯಾಗಿ ಬಂದಿದ್ದಳು, ಮೈಯಲ್ಲಿ ರಕ್ತವಿರಲಿಲ್ಲ. ಹೆರಿಗೆಯಾದ ಮೇಲೆ ಸ್ರಾವ ನಿಲ್ಲಲಿಲ್ಲ. ಒಂದು ಆಸ್ಪತ್ರೆ ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ದಾರಿಯಲ್ಲೇ ಹೋದಳು. ನಮೂನೆ ತುಂಬಿದರು, ಸಹಿ ಆಯಿತು, ಕಾಗದ ಮೇಲಕ್ಕೆ ಹೋಯಿತು. “ಸತ್ತಾಕಿ ಹೆಸರು, ವಯಸ್ಸು, ಊರು ಎಲ್ಲಾ ಕೇಳಿದ್ರು. ಮುಂದ ಏನು ತಿಳೀತು ಅಂತ ನಮಗ ಯಾರೂ ಹೇಳಲಿಲ್ಲ. ಅದೇ ದಾರಿ, ಅದೇ ಗಾಡಿ, ಮುಂದಿನ ವರ್ಷಾನೂ ಹಂಗ ಇತ್ತು.” ಮಗಳು ಅದನ್ನು ಇಂಗ್ಲಿಷಿಗೆ ತರುವಾಗ ತಡವರಿಸಿದಳು. ವೈದ್ಯೆ ಎದ್ದು ಬಂದು ನರ್ಸಮ್ಮನ ಪಕ್ಕದಲ್ಲಿ ಕೂತರು.

ದ್ವೀಪದ ಎಲ್ಲವೂ ಕಳುತರದಂತಿಲ್ಲ. ಗುಡ್ಡ ಹತ್ತುವ ರೈಲಿನಿಂದ ಹಟ್ಟನ್ ಕಡೆಗೆ ಹೋಗುವಾಗ ಚಹಾ ತೋಟಗಳು ಕಣ್ಣು ತುಂಬುತ್ತವೆ. ಅವುಗಳ ನಡುವೆ ಬ್ರಿಟಿಷರ ಕಾಲದ ಲೈನ್ ಮನೆಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ಕಂಡವರಿಗೆ ಈ ಸಾಲುಮನೆ ಹೊಸದಲ್ಲ. ತಮಿಳು ಮೂಲದ ಈ ಕೂಲಿಗಳ ಆರೋಗ್ಯ ಬಹಳ ಕಾಲ ತೋಟದ ಆಡಳಿತದ ಕೈಯಲ್ಲಿತ್ತು, ಸರ್ಕಾರದ ಜಾಲ ಇಲ್ಲಿಗೆ ತಡವಾಗಿ ಬಂತು. ಹುಟ್ಟುವಾಗಲೇ ತೂಕ ಕಡಿಮೆಯಿರುವ ಮಕ್ಕಳು, ರಕ್ತವಿಲ್ಲದ ತಾಯಂದಿರು ಇಂದಿಗೂ ಇಲ್ಲಿ ಹೆಚ್ಚು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು, ಮಿಡ್‌ವೈಫ್ ಗುಡ್ಡ ಹತ್ತಿ ಬರುತ್ತಾಳೆ, ಆದರೆ ಕ್ಲಿನಿಕ್ಕಿಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂದಳು. 2022ರ ಆರ್ಥಿಕ ಕುಸಿತದಲ್ಲಿ ಪೆಟ್ರೋಲು, ಔಷಧ ಎರಡೂ ಸಿಗದೆ ದೇಶ ನಲುಗಿದ್ದನ್ನೂ ಅಲ್ಲಿಯವರು ಮರೆತಿಲ್ಲ. ನರ್ಸಮ್ಮ ನೋಡಿದ್ದು ಕೊರತೆಯಿಲ್ಲದ ನಾಡನ್ನಲ್ಲ. ಕೊರತೆಯ ನಡುವೆಯೂ ಕೈಬಿಡದ ಒಂದು ಕ್ರಮವನ್ನು.

ಕರ್ನಾಟಕ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತು. 2004–06ರಲ್ಲಿ ಇಲ್ಲಿ ಲಕ್ಷಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆದರೆ ಅದೇ ಲೆಕ್ಕದಲ್ಲಿ ತಮಿಳುನಾಡು 54, ಕೇರಳ 19. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುತ್ತಿಲ್ಲ ಎಂದು ಇನ್ನು ಹೇಳುವ ಹಾಗಿಲ್ಲ. ಬಂದಿದ್ದಾರೆ. ಬರುವ ಮೊದಲು ಅವರ ರಕ್ತಹೀನತೆಯನ್ನು ಸರಿಪಡಿಸಿದವರು ಯಾರು, ಬಂದ ಮೇಲೆ ರಕ್ತ, ಔಷಧ, ಅನುಭವಿ ಕೈ ಸಿಕ್ಕಿತೇ, ಮನೆಗೆ ಹೋದ ಮೇಲೆ ಯಾರು ನೋಡಿದರು ಎಂಬುದೇ ಈಗಿನ ಪ್ರಶ್ನೆ. ಇದು ನಿರ್ವಹಣೆಯ ಪ್ರಶ್ನೆ.

ಬಳ್ಳಾರಿಯ ಸಾವುಗಳ ನಂತರ ರಾಜ್ಯ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳ ಪರಿಶೀಲನೆ ಮಾಡಿಸಿತು. ಅವುಗಳಲ್ಲಿ ಶೇ. 70ರಷ್ಟು ತಡೆಯಬಹುದಾಗಿದ್ದವು ಎಂಬುದು ಹೊರಬಂದ ಉತ್ತರ. ಪರಿಶೀಲನೆ ನಮಗೂ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದಕ್ಕೆ ಇಡೀ ನಾಡು ಬೆಚ್ಚಿಬೀಳಬೇಕಾಯಿತು. ಶ್ರೀಲಂಕಾದಲ್ಲಿ ಅದೇ ಕೆಲಸ ಸುದ್ದಿಯಿಲ್ಲದ ಸಾವಿಗೂ, ಗುಡ್ಡದ ಮೇಲಿನ ಒಬ್ಬಳ ಸಾವಿಗೂ, ಪ್ರತಿ ಸಲವೂ ನಡೆಯಬೇಕೆಂಬ ನಿಯಮವಿದೆ.

ನರ್ಸಮ್ಮ ಈಗ ಮನೆಗೆ ಬರುವ ಕಿರಿಯರಿಗೆ ಹೇಳುವುದು ಈ ಅಂತರವನ್ನೇ. ಬಯಲು ಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ ಎಂಬ ನಿಯಮ ನಮ್ಮಲ್ಲೂ ಇದೆ. ಹೆರಿಗೆಯ ನಂತರ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನ ಆಶಾ ಮನೆಗೆ ಹೋಗಬೇಕೆಂಬ ಕ್ರಮವೂ ಇದೆ. ತಾಯಿ ಕಾರ್ಡಿದೆ, ತಾಯಿಯ ಸಾವಿನ ಪರಿಶೀಲನೆಗೆ ಮಾರ್ಗಸೂಚಿಯೂ ಇದೆ. ಹೊಸ ಯೋಜನೆಗೆ ಹೊಸ ಹೆಸರು ಹುಡುಕುವ ಅಗತ್ಯ ಅವರಿಗೆ ಕಾಣುವುದಿಲ್ಲ. ಖಾಲಿ ಬಿದ್ದ ಹುದ್ದೆಗಳನ್ನು ತುಂಬಿ, ಒಂದೇ ಮಾಹಿತಿಯನ್ನು ಹತ್ತು ಕಡೆ ಬರೆಯುವ ಹೊರೆಯನ್ನು ಇಳಿಸಿ, ಊರು ಬದಲಿಸಿದ ಗರ್ಭಿಣಿಯ ಸುದ್ದಿ ಆಕೆಗಿಂತ ಮೊದಲೇ ಆ ಊರಿನ ಆರೋಗ್ಯ ಕಾರ್ಯಕರ್ತೆಗೆ ತಲುಪುವಂತೆ ಮಾಡಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಓದುಗರ ಕೈಯಲ್ಲೂ ಇದೆ. ನಿಮ್ಮ ತಾಲೂಕಿನಲ್ಲಿ ಬಾಣಂತಿಯೊಬ್ಬಳು ತೀರಿಕೊಂಡರೆ ಪರಿಹಾರದ ಮೊತ್ತ ಎಷ್ಟು ಎಂದು ಕೇಳುವುದರ ಜತೆಗೆ, ಪರಿಶೀಲನಾ ಸಭೆ ಯಾವಾಗ ನಡೆಯಿತು, ಎಲ್ಲಿ ತಡವಾಯಿತು ಎಂದು ತಿಳಿಯಿತು, ಆಮೇಲೆ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ, ಶಾಸಕರ ಮುಂದೆ ಕೇಳಿ. ಉತ್ತರ ಬರುವ ತನಕ ಕೇಳಿ.